ಈಗ ಎಷ್ಟುಂಟು?

ಆಟಿ ತಿಂಗಳಲ್ಲಿ ಉಪ್ಪಿನಂಗಡಿ ಪೇಟೆಯಲ್ಲಿ ನಿಂತು ಯಾರಾದರೂ ‘ಎಷ್ಟುಂಟು?’ ಎಂದು ಕೇಳಿದರೆ ಅದು ನೀರಿನ ಮಾತು. ಸಹಸ್ರಲಿಂಗೇಶ್ವರ ದೇವಸ್ಥಾನದ ಬಳಿ ನೇತ್ರಾವತಿಗೆ ಕುಮಾರಧಾರೆ ಸೇರುತ್ತದೆ. ಹೊಳೆಗಿಳಿಯುವ ಮೆಟ್ಟಿಲುಗಳಲ್ಲಿ ಎಷ್ಟು ಮುಳುಗಿವೆ, ಎಷ್ಟು ಬಾಕಿ ಎಂಬುದೇ ಊರಿನ ಅಳತೆ. ಮಳೆ ಕಳೆದು ಅಂಗಳದಲ್ಲಿ ಅಡಿಕೆ ಒಣಗುವ ಕಾಲಕ್ಕೆ ಅದೇ ಪ್ರಶ್ನೆ ಧಾರಣೆಯದ್ದಾಗುತ್ತದೆ. ಕೆಲವು ವರ್ಷಗಳಿಂದ ಅದಕ್ಕೆ ಮೂರನೆಯ ಅರ್ಥವೂ ಬಂದಿದೆ. ಬೆಳಿಗ್ಗೆ ಒಂಬತ್ತೂಕಾಲು ಕಳೆದ ಮೇಲೆ, ಹೋಟೆಲಿನಲ್ಲಿ ಗೋಳಿಬಜೆ ಎದುರಿಟ್ಟುಕೊಂಡು ಮೊಬೈಲಿನ ಮೇಲೆ ಬೆರಳಾಡಿಸುವ ಹುಡುಗನ ಹತ್ತಿರ ಪಕ್ಕದವರು ‘ಎಷ್ಟುಂಟು?’ ಎಂದರೆ, ಅವರು ಕೇಳುತ್ತಿರುವುದು ಷೇರಿನ ರೇಟು.

ಈ ಮೂರನೆಯದರ ಬಗ್ಗೆ ಬರೆಯಬೇಕೆಂದು ಕುಳಿತಿದ್ದೇನೆ. ಪೇಟೆ ನಡೆಯುತ್ತಿರುವಾಗಲೇ ಷೇರಿನ ದರ ಆಗಾಗ ತಿಳಿಯುವುದು ಹೇಗೆ, ತಿಳಿದದ್ದು ಎಷ್ಟು ನಿಜ, ಎಷ್ಟೆಷ್ಟು ಹೊತ್ತಿಗೊಮ್ಮೆ ತಿಳಿದರೆ ಸಾಕು? ಆದರೆ ಎರಡನೆಯ ಅರ್ಥವನ್ನು ಬಿಟ್ಟು ಮೂರನೆಯದನ್ನು ಹೇಳಲು ನನಗೆ ಬರುವುದಿಲ್ಲ. ದರವನ್ನು ಓದುವ ವಿದ್ಯೆಯನ್ನು ಈ ಊರು ಅಡಿಕೆ ಅಂಗಡಿಯ ಜಗಲಿಯಲ್ಲಿ ಕಲಿತಿದೆ. ಆ ವಿದ್ಯೆಯ ಬಹುಪಾಲು ಷೇರಿಗೂ ಹಾಗೆಯೇ ಸಲ್ಲುತ್ತದೆ ಎಂಬುದು ನನ್ನ ವಾದ. ಮೊಬೈಲು ಕೈಗೆ ಬಂದದ್ದೇ ಅದನ್ನು ಮರೆತದ್ದೇಕೆ ಎಂಬುದು ನನ್ನ ತಕರಾರು.

ಊರಿನ ಹೆಸರಿನಲ್ಲೇ ಅಂಗಡಿ ಇದೆ. ಬ್ರಿಟಿಷರ ಕಾಲದಲ್ಲಿ ತಾಲೂಕಿಗೂ ಇದೇ ಹೆಸರಿತ್ತು. ಪುತ್ತೂರಿಗೆ ಹನ್ನೆರಡು-ಹದಿಮೂರು ಕಿಲೋಮೀಟರ್, ನೆಲ್ಯಾಡಿ, ಶಿರಾಡಿ ದಾಟಿದರೆ ಘಟ್ಟ. ಇಂಥ ಊರಿಗೆ ಧಾರಣೆ ಯಾವತ್ತೂ ಹೊರಗಿನಿಂದಲೇ ಬರಬೇಕಿತ್ತು. ಅಡಿಕೆ ಬೆಳೆಯುವುದು ಇಲ್ಲಿ, ತಿನ್ನುವುದು ಬಹುಪಾಲು ಉತ್ತರ ಭಾರತದಲ್ಲಿ. ನಡುವೆ ಎಷ್ಟು ಕೈ ಬದಲಾಗುತ್ತದೆ, ಅಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂದು ತಿಳಿಯದವನು ಅಂಗಡಿಯವರು ಹೇಳಿದ್ದಕ್ಕೆ ತಲೆಯಾಡಿಸಬೇಕಿತ್ತು. 1970ರ ಆಚೀಚೆ ಅಡಿಕೆ ದರ ಕುಸಿದು ಬಿದ್ದಾಗ ಬೆಳೆಗಾರನ ಈ ಕುರುಡು ಬಟಾಬಯಲಾಯಿತು. ಅದರಿಂದ ಹುಟ್ಟಿದ್ದು ಕ್ಯಾಂಪ್ಕೊ. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ಸರ್ಕಾರಗಳ ಬೆಂಬಲದಿಂದ 1973ರ ಜುಲೈಯಲ್ಲಿ ಮಂಗಳೂರಿನಲ್ಲಿ ಆರಂಭವಾದ ಈ ಸಹಕಾರಿ ಸಂಸ್ಥೆ ಅಡಿಕೆ ಕೊಂಡದ್ದು ದೊಡ್ಡ ಸಂಗತಿಯೇ. ‘ಇಂದು ನಮ್ಮ ದರ ಇಷ್ಟು’ ಎಂದು ಬಹಿರಂಗವಾಗಿ ಹೇಳಿದ್ದು ಅದಕ್ಕಿಂತ ದೊಡ್ಡದು ಎಂದು ನಾನು ಭಾವಿಸುತ್ತೇನೆ. ಖಾಸಗಿ ಅಂಗಡಿಯವರಿಗೂ ಆ ಅಂಕಿ ಒಂದು ಗೂಟವಾಯಿತು. ಅದಕ್ಕಿಂತ ಒಂದೆರಡು ರೂಪಾಯಿ ಮೇಲೆ ಕೊಟ್ಟು ಗಿರಾಕಿಯನ್ನು ಎಳೆಯಬಹುದು, ತುಂಬ ಕೆಳಗೆ ಕೇಳಿದರೆ ಗೋಣಿ ಮುಂದಿನ ಅಂಗಡಿಗೆ ಹೋಗುತ್ತದೆ.

ಇಲ್ಲಿನ ಪತ್ರಿಕೆಗಳಲ್ಲಿ ಬರುವ ಧಾರಣೆಯ ಅಂಕಣವನ್ನು ಗಮನಿಸಿ. ಅಡಿಕೆಗೆ ಒಂದೇ ದರ ಎಂದು ಯಾರೂ ಬರೆಯುವುದಿಲ್ಲ. ಹೊಸತು, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆಬೇರೆ. ಒಂದೊಂದರ ಎದುರಿಗೂ ಎರಡು ಅಂಕಿ, ಇಷ್ಟರಿಂದ ಇಷ್ಟರ ತನಕ. ಓದುವವರಿಗೆ ಎರಡು ವಿಷಯ ಯಾರೂ ಹೇಳದೆಯೇ ಗೊತ್ತು. ಮೇಲಿನ ಅಂಕಿ ತನ್ನ ಗೋಣಿಗಲ್ಲ, ಅದು ಅತ್ಯುತ್ತಮ ಮಾಲಿಗೆ. ಮತ್ತೆ, ಪೇಪರಿನಲ್ಲಿದ್ದದ್ದು ನಿನ್ನೆಯದ್ದು. ಇವತ್ತು ಅಂಗಡಿಯವರು ಗೋಣಿಗೆ ಕೈಹಾಕಿ ನಾಲ್ಕು ಅಡಿಕೆ ತುಂಡರಿಸಿ ನೋಡಿದ ಮೇಲೆ ಹೇಳುವುದೇ ಸರಿಯಾದ ರೇಟು. ರಬ್ಬರಿನವರದ್ದೂ ಹೀಗೆಯೇ. ಕೇರಳದಿಂದ ಬಂದು ಕಡಬ, ನೆಲ್ಯಾಡಿ ಸುತ್ತ ತೋಟ ಮಾಡಿದವರು ಕೊಟ್ಟಾಯಂ ರೇಟು ನೋಡುತ್ತಾರೆ. ರಬ್ಬರ್ ಮಂಡಳಿ ದಿನಾ ಅದನ್ನು ಪ್ರಕಟಿಸುತ್ತದೆ. ಆದರೆ ಇಲ್ಲಿ ಶೀಟು ಕೊಡುವಾಗ ಅದರಲ್ಲಿ ಸಾಗಾಟವೂ ಗ್ರೇಡೂ ಕಳೆಯುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಮನೆಯಿಂದ ಹೊರಡುತ್ತಾರೆ.

ಘಟ್ಟದ ಮೇಲೆ ಶಿರಸಿಯಲ್ಲಿ ರೀತಿ ಬೇರೆ. 1923ರಲ್ಲಿ ಹುಟ್ಟಿದ ಟಿಎಸ್‌ಎಸ್‌ನಂಥ ಸಂಘಗಳಲ್ಲಿ ರೈತನ ರಾಶಿಗೆ ವ್ಯಾಪಾರಿಗಳು ಟೆಂಡರು ಬರೆಯುತ್ತಾರೆ. ಪ್ರತಿ ರಾಶಿಗೂ ಅದರದ್ದೇ ದರ. ಷೇರು ವಿನಿಮಯ ಕೇಂದ್ರಕ್ಕೆ ಹತ್ತಿರದ ನೆಂಟ ಅದು. ನಮ್ಮಲ್ಲಿ ಅಂಗಡಿಯವರು ಹೇಳಿದ್ದು, ನಾವು ಒಪ್ಪಿದ್ದು. ಎರಡೂ ಕಡೆ ಸಾಮಾನ್ಯವಾದದ್ದೆಂದರೆ ದಿನಕ್ಕೊಂದು ದರ ಸಾಕಿತ್ತು. ಗೋಣಿ ಜೀಪಿಗೆ ಏರಿಸಿ ಪೇಟೆಗೆ ತರಲು ಅರ್ಧ ದಿನ ಬೇಕಾದವನು ಗಂಟೆಗೊಮ್ಮೆ ಧಾರಣೆ ಕೇಳಿ ಏನು ಮಾಡಿಯಾನು?

ಷೇರು ಈ ಕಡೆಗೆ ಹೊಸತೇನಲ್ಲ. ಬ್ಯಾಂಕುಗಳನ್ನು ಹುಟ್ಟಿಸಿದ ಜಿಲ್ಲೆ ಇದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯ ಸಿಂಡಿಕೇಟ್, 1931ರಲ್ಲಿ ಮಂಗಳೂರಿನ ವಿಜಯಾ ಬ್ಯಾಂಕು. 1990ರ ದಶಕದಿಂದ ಈಚೆಗೆ ಸರ್ಕಾರಿ ಬ್ಯಾಂಕುಗಳು ಒಂದೊಂದಾಗಿ ಜನರಿಗೆ ಷೇರು ಮಾರತೊಡಗಿದಾಗ, ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಜನರಿಂದ ಹಣ ಎತ್ತಿದಾಗ, ‘ನಮ್ಮೂರಿನದ್ದು’ ಎಂಬ ಅಭಿಮಾನಕ್ಕೆ ಅರ್ಜಿ ತುಂಬಿದ ಮೇಷ್ಟ್ರುಗಳು, ಬ್ಯಾಂಕಿನ ನೌಕರರು, ತೋಟದವರು ಹಲವರಿದ್ದರು. ಷೇರುಪತ್ರ ಕಪಾಟಿನಲ್ಲಿ, ಜಾಗದ ದಾಖಲೆಗಳ ಜೊತೆಗೆ. ಅದರ ರೇಟು ನೋಡುವುದು ವರ್ಷಕ್ಕೊಮ್ಮೆ, ಡಿವಿಡೆಂಡಿನ ಚೆಕ್ಕು ಬಂದಾಗ.

ಮಧ್ಯಾಹ್ನದ ಹೊತ್ತಿಗೆ ರೇಟು ಬೇಕೆಂದರೆ ಮಂಗಳೂರಿಗೆ ಫೋನು ಮಾಡಬೇಕು. ಮಂಗಳೂರಿನಲ್ಲಿ 1984ರಲ್ಲಿ ಸ್ವಂತ ಷೇರು ವಿನಿಮಯ ಕೇಂದ್ರವೇ ಸ್ಥಾಪನೆಯಾಯಿತು ಎಂಬುದು ಇಂದಿನ ಹುಡುಗರಿಗೆ ನಂಬಲು ಕಷ್ಟ. ಬೆಂಗಳೂರಿನದ್ದು 1963ರದ್ದು. ಆಗ ದಲ್ಲಾಳಿಗಳು ಸೇರಿ ಕೂಗಿ ವ್ಯವಹರಿಸುತ್ತಿದ್ದ ಕಾಲ. ಆದರೆ ದೊಡ್ಡ ಕಂಪನಿಗಳ ನಿಜವಾದ ಬೆಲೆ ನಿಗದಿಯಾಗುತ್ತಿದ್ದದ್ದು ಮುಂಬಯಿಯ ದಲಾಲ್ ಸ್ಟ್ರೀಟಿನಲ್ಲಿ, 1875ರಷ್ಟು ಹಿಂದೆಯೇ ಸಂಘ ಕಟ್ಟಿಕೊಂಡಿದ್ದ ದಲ್ಲಾಳಿಗಳ ನಡುವೆ. ಊರಿನ ಕೇಂದ್ರಗಳು ಟೆಲಿಫೋನಿನಲ್ಲಿ ಅಲ್ಲಿನ ಕೂಗಿಗೆ ಕಿವಿ ಕೊಡುತ್ತಿದ್ದವು. ಎರಡು ಊರಿನ ದರದ ನಡುವೆ ಯಾವತ್ತೂ ಕಿಂಚಿತ್ ಅಂತರ. ಆ ಅಂತರವನ್ನೇ ತಿಂದು ಬದುಕುವ ಜಾಣರೂ ಇದ್ದರು. ಅಂದರೆ ಉಪ್ಪಿನಂಗಡಿಯವನಿಗೆ ಸಿಗುವ ರೇಟು ಮುಂಬಯಿಯಿಂದ ಮಂಗಳೂರಿಗೆ, ಮಂಗಳೂರಿನಿಂದ ಫೋನಿಗೆ, ಫೋನಿನಿಂದ ಬಾಯಿಗೆ ಬಂದ ಮೂರನೆಯ ಕೈಯ ಸರಕು. ಮರುದಿನದ ಪತ್ರಿಕೆಯಲ್ಲಿ ಸಣ್ಣಕ್ಷರದ ಪುಟ ನೋಡಿದರಷ್ಟೇ ದಲ್ಲಾಳಿ ಹೇಳಿದ್ದು ಸರಿಯೇ ಎಂದು ತಾಳೆ ಹಾಕಲು ಆಗುತ್ತಿತ್ತು.

ದರ ಮೊದಲು ಯಾರ ಕಿವಿಗೆ ಬೀಳುತ್ತದೋ ಅವನೇ ಗೆದ್ದ ಎಂಬುದು ಲೋಕದ ಹಳೆಯ ಕತೆ. 1850ರಲ್ಲಿ ಪೌಲ್ ಜೂಲಿಯಸ್ ರಾಯಿಟರ್ ಆಹೆನ್‌ನಿಂದ ಬ್ರಸೆಲ್ಸ್‌ಗೆ ತಂತಿ ಇಲ್ಲದ ಕಡೆ ಪಾರಿವಾಳಗಳ ಕಾಲಿಗೆ ಷೇರುದರ ಕಟ್ಟಿ ಕಳುಹಿಸಿದ. 1867ರಲ್ಲಿ ಅಮೆರಿಕದ ಎಡ್ವರ್ಡ್ ಕ್ಯಾಲಹನ್ ಟಿಕ್ಕರ್ ಯಂತ್ರ ಮಾಡಿದ. ಕಾಗದದ ಪಟ್ಟಿಯ ಮೇಲೆ ದರ ಅಚ್ಚಾಗುತ್ತಾ ದಲ್ಲಾಳಿಯ ಮೇಜಿಗೇ ಬಂದು ಬೀಳುತ್ತಿತ್ತು. ಟಿವಿಯ ಕೆಳಗೆ ಇಂದಿಗೂ ಓಡುವ ಆ ಪಟ್ಟಿ ಅದರ ಮೊಮ್ಮಗ.

ನಮ್ಮ ಕಡೆಗೆ ಪಾರಿವಾಳ ಹಾರಿ ಬಂದದ್ದು ಆಕಾಶದಿಂದಲೇ. 1994ರ ನವೆಂಬರ್ 3ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ಷೇರು ವಹಿವಾಟು ಆರಂಭಿಸಿತು. ಕೂಗಾಟ ಇಲ್ಲ, ಕಂಪ್ಯೂಟರಿನ ಪರದೆ. ಪರದೆಗೆ ಸಂಪರ್ಕ ಉಪಗ್ರಹದ ಮೂಲಕ. ಮಾಡಿನ ಮೇಲೆ ಒಂದು ಡಿಶ್ ಇಟ್ಟರೆ ಮುಂಬಯಿಯ ದರ ಯಾವ ಊರಿಗೂ ಅದೇ ಕ್ಷಣಕ್ಕೆ. ಮುಂಬಯಿ ಕೇಂದ್ರವೂ, ಅಂದರೆ ಬಿಎಸ್‌ಇಯೂ, 1995ರ ಮಾರ್ಚಿನಲ್ಲಿ ಪರದೆಗೆ ಬಂತು. ಮುಂಬಯಿ ನೇರವಾಗಿ ಕಣ್ಣೆದುರು ಬಂದ ಮೇಲೆ ಮಂಗಳೂರಿನ ಕೇಂದ್ರಕ್ಕೆ ಏನು ಕೆಲಸ? 2004ರಲ್ಲಿ ಅದರ ಮಾನ್ಯತೆ ನವೀಕರಿಸಲು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಪ್ಪಲಿಲ್ಲ. ಬೆಂಗಳೂರಿನದ್ದು 2014ರ ಕೊನೆಗೆ ಬಾಗಿಲು ಹಾಕಿತು. ದೇಶದ ಇತರ ಪ್ರಾದೇಶಿಕ ಕೇಂದ್ರಗಳ ಕತೆಯೂ ಇದೇ. ಅವುಗಳ ಆಡಳಿತದ ಹುಳುಕುಗಳ ಬಗ್ಗೆ ಬೇರೆಯೇ ಬರೆಯಬಹುದು, ಆದರೆ ಮುಖ್ಯ ಪೆಟ್ಟು ಬಿದ್ದದ್ದು ದರದ ಹಾದಿ ಬದಲಾದಾಗ.

ಆಮೇಲಿನದ್ದು ಬೇಗ ಬೇಗ ಆಯಿತು. 1999ರ ಕೊನೆಗೆ ಸಿಎನ್‌ಬಿಸಿ ವಾಹಿನಿ ಭಾರತಕ್ಕೆ ಬಂದು ದಿನವಿಡೀ ದರ ಓಡಿಸತೊಡಗಿತು. ಪಟ್ಟಿಯಲ್ಲಿ ನಮ್ಮ ಕಂಪನಿ ಬರುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರೆ ಮುಂದಿನ ಸುತ್ತಿನ ತನಕ ಕಾಯಬೇಕಿತ್ತು. 2000ದಲ್ಲಿ ಸೆಬಿ ಇಂಟರ್ನೆಟ್ಟಿನ ಮೂಲಕ ವಹಿವಾಟಿಗೆ ಒಪ್ಪಿತು, 2010ರಲ್ಲಿ ಮೊಬೈಲಿಗೂ. 2016ರ ಬಳಿಕ ಡೇಟಾ ಅಗ್ಗವಾದದ್ದು ನಮ್ಮಂಥ ಊರುಗಳಿಗೆ ಇದೆಲ್ಲಕ್ಕಿಂತ ದೊಡ್ಡ ಸಂಗತಿ. ದುಬೈಯಲ್ಲಿ ಕೆಲಸ ಮಾಡುವ ಅಣ್ಣನಿಗೆ ಅಲ್ಲಿ ಏಳೂಮುಕ್ಕಾಲಿಗೆ, ಇಲ್ಲಿ ತಮ್ಮನಿಗೆ ಒಂಬತ್ತೂಕಾಲಿಗೆ, ಇಬ್ಬರಿಗೂ ಒಂದೇ ಅಂಕಿ ಒಮ್ಮೆಲೇ ಮಿನುಗುತ್ತದೆ.

ಮಿನುಗುವ ಆ ಅಂಕಿ ಏನು? ಮೊಬೈಲಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಕೊನೆಯದಾಗಿ ವ್ಯಾಪಾರ ನಡೆದ ಬೆಲೆ. ಯಾರೋ ಇಬ್ಬರ ನಡುವೆ, ಎಷ್ಟೋ ಷೇರಿಗೆ, ಆಗಲೇ ಮುಗಿದ ವ್ಯಾಪಾರ. ಹತ್ತು ಷೇರಿನದ್ದೂ ಆಗಿರಬಹುದು, ಹತ್ತು ಸಾವಿರದ್ದೂ ಆಗಿರಬಹುದು. ಅದು ನಮಗೆ ಕೊಟ್ಟ ಮಾತಲ್ಲ. ಪೇಪರಿನ ಧಾರಣೆಯ ಮೇಲಿನ ಅಂಕಿ ನನ್ನ ಗೋಣಿಗಲ್ಲ ಎಂದು ಕಣ್ಣುಮುಚ್ಚಿ ಹೇಳಬಲ್ಲ ಬೆಳೆಗಾರನೇ ಇಲ್ಲಿ ಬಂದು ಎಡವುತ್ತಾನೆ. ನಮಗೆ ಬೇಕಾದದ್ದು ಅದರ ಕೆಳಗೆ, ಒಂದು ಸಲ ಒತ್ತಿದರೆ ತೆರೆಯುವ ಪಟ್ಟಿಯಲ್ಲಿದೆ. ಎಡಗಡೆ ಕೊಳ್ಳುವವರು ಕೇಳಿದ ಐದು ಉತ್ತಮ ಬೆಲೆ, ಬಲಗಡೆ ಮಾರುವವರು ಹೇಳಿದ ಐದು ಬೆಲೆ, ಒಂದೊಂದರ ಎದುರಿಗೆ ಎಷ್ಟು ಷೇರು ಎಂಬ ಲೆಕ್ಕ.

ಉದಾಹರಣೆಗೆ, ಅಷ್ಟಾಗಿ ವಹಿವಾಟು ಇಲ್ಲದ ಒಂದು ಷೇರು. ಕೊನೆಯ ಬೆಲೆ ₹84 ಎಂದು ಕಾಣುತ್ತದೆ. ನಿಮ್ಮಲ್ಲಿ 1000 ಷೇರಿದೆ, ₹84,000 ಕೈಗೆ ಬಂತೆಂದೇ ಲೆಕ್ಕ ಹಾಕುತ್ತೀರಿ. ಪಟ್ಟಿ ತೆರೆದರೆ ಕೊಳ್ಳುವವರು ₹82ಕ್ಕೆ 200, ₹81.50ಕ್ಕೆ 300, ₹80ಕ್ಕೆ 500. ‘ಮಾರ್ಕೆಟ್ ರೇಟಿಗೆ ಮಾರು’ ಎಂದು ಒತ್ತಿದಿರೋ, ಒಂದೊಂದೇ ಮೆಟ್ಟಿಲು ಇಳಿದು ನಿಮಗೆ ಸಿಗುವುದು ₹80,850. ಮೂರು ಸಾವಿರಕ್ಕೆ ಮೇಲೆ ಹೋಯಿತು. ಯಾರೂ ಕದ್ದದ್ದಲ್ಲ, ನೀವು ನೋಡಿದ ಅಂಕಿಯೇ ಬೇರೆ. ಇಂಥ ಕಡೆ ನಾವೇ ಬೆಲೆ ಹೇಳಿ ಕಾಯುವ ಲಿಮಿಟ್ ಆರ್ಡರು ಇದೆ. ‘ನನಗೆ ಇಷ್ಟು ಸಿಕ್ಕರೆ ಮಾತ್ರ ಕೊಡುವುದು’ ಎಂದು ಅಡಿಕೆ ಗೋಣಿಯನ್ನು ಅಟ್ಟದಲ್ಲೇ ಇಟ್ಟ ಹಾಗೆ. ದೊಡ್ಡ ಬ್ಯಾಂಕುಗಳ, ಇನ್ಫೊಸಿಸ್‌ನಂಥ ಕಂಪನಿಗಳ ಷೇರುಗಳಲ್ಲಿ ಕೊಳ್ಳುವ-ಮಾರುವ ಬೆಲೆಗಳ ನಡುವೆ ಸಾಮಾನ್ಯವಾಗಿ ಬೆರಳೆಣಿಕೆಯ ಪೈಸೆಗಳ ಅಂತರವಾದ್ದರಿಂದ ಈ ತಲೆಬಿಸಿ ಕಡಿಮೆ.

ಇನ್ನು ಆ ಅಂಕಿಯ ವಯಸ್ಸು. ದರವೂ ಒಂದು ಸರಕೇ, ಅದನ್ನು ಮಾರಲು ಎನ್‌ಎಸ್‌ಇಗೆ ಪ್ರತ್ಯೇಕ ಅಂಗಸಂಸ್ಥೆಯೇ ಇದೆ. ಪ್ರತಿ ಬದಲಾವಣೆಯೂ ಬಂದಂತೆ ಬೇಕೆಂದರೆ ಒಂದು ಬೆಲೆ. ನಿಮಿಷಕ್ಕೊಮ್ಮೆ, ಎರಡು ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೊಮ್ಮೆ ತೆಗೆದ ಫೋಟೊದಂಥ ದರ ಸಾಕೆಂದರೆ ಇನ್ನೊಂದು. ಹದಿನೈದು ನಿಮಿಷ ಹಳತಾದದ್ದು ಮತ್ತೊಂದು, ಸಂಜೆಯದ್ದು ಮಗದೊಂದು. ಹೊಳೆ ಒಂದೇ, ಪೈಪುಗಳು ಬೇರೆ. ಷೇರುಪೇಟೆಯ ಸುದ್ದಿ ಕೊಡುವ ಜಾಲತಾಣಗಳಲ್ಲಿ ಕೆಲವು ಕೊಡುವುದು ತಡವಾದ ದರ. ಆ ಮಾತನ್ನು ಪುಟದ ಅಡಿಯಲ್ಲಿ ಮಸುಕು ಬಣ್ಣದಲ್ಲಿ ಬರೆದಿರುತ್ತಾರೆ. ಗೂಗಲ್ ಶೀಟ್ಸಿನಲ್ಲಿ ಲೆಕ್ಕ ಇಡುವವರಿಗೆ ‘ಗೂಗಲ್‌ಫೈನಾನ್ಸ್’ ಎಂಬ ಸೂತ್ರ ಪುಕ್ಕಟೆಯಾಗಿ ದರ ತಂದು ಕೊಡುತ್ತದೆ. ಅದು ಇಪ್ಪತ್ತು ನಿಮಿಷದ ತನಕ ತಡವಾಗಬಹುದು ಎಂದು ಅವರೇ ಹೇಳಿದ್ದಾರೆ. ತಿಂಗಳ ಕೊನೆಯಲ್ಲಿ ಆಸ್ತಿಯ ಲೆಕ್ಕ ನೋಡುವ ನಿವೃತ್ತ ಮೇಷ್ಟ್ರಿಗೆ ಇಪ್ಪತ್ತು ನಿಮಿಷವೇನು, ಇಪ್ಪತ್ತು ಗಂಟೆಯಾದರೂ ನಡೆಯುತ್ತದೆ. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವವನಿಗೆ ಅದು ಹಳಸಿದ ಅನ್ನ. ಷೇರುಗಳನ್ನು ಕಂಪ್ಯೂಟರಿನ ದಾಖಲೆಯಾಗಿ ಇಡುವ ಡಿಮ್ಯಾಟ್ ಖಾತೆ ಇದ್ದವರಿಗೆ ಬ್ರೋಕರಿನ ಆ್ಯಪಿನಲ್ಲಿ ಆಗಿಂದಾಗಿನ ದರವೇ ಸಿಗುತ್ತದೆ, ಪ್ರತ್ಯೇಕ ಹಣ ಕೊಡಬೇಕೆಂದಿಲ್ಲ. ಎನ್‌ಎಸ್‌ಇ, ಬಿಎಸ್‌ಇಗಳ ಸ್ವಂತ ತಾಣಗಳನ್ನೂ ಯಾರೂ ನೋಡಬಹುದು. ಎರಡು ಕೇಂದ್ರಗಳ ದರದಲ್ಲಿ ಚಿಲ್ಲರೆ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಪುತ್ತೂರು, ಉಪ್ಪಿನಂಗಡಿ ಅಂಗಡಿಗಳ ಧಾರಣೆಯಲ್ಲೂ ಅಷ್ಟು ಇರುತ್ತದೆ.

ಆಗಿಂದಾಗಿನ ದರ ಎಂದು ಹೆಮ್ಮೆಪಡುವವರು ಇನ್ನೊಂದು ವಿಷಯ ತಿಳಿದಿರಬೇಕು. 2010ರಿಂದ ಎನ್‌ಎಸ್‌ಇ ತನ್ನ ಕಂಪ್ಯೂಟರುಗಳ ಪಕ್ಕದ ಕೋಣೆಯಲ್ಲೇ ಬ್ರೋಕರುಗಳು ಬಾಡಿಗೆ ಕೊಟ್ಟು ತಮ್ಮ ಕಂಪ್ಯೂಟರು ಇಡಲು ಅವಕಾಶ ಕೊಟ್ಟಿದೆ. ಅವರಿಗೆ ದರ ಸಿಗುವುದು ಸೆಕೆಂಡಿನ ಸಾವಿರದಲ್ಲೊಂದು ಅಂಶಕ್ಕೂ ಕಡಿಮೆ ಹೊತ್ತಿನಲ್ಲಿ. ನಮ್ಮ ಮೊಬೈಲಿಗೆ ಗೋಪುರ, ಗುಡ್ಡ, ಮಳೆ ಎಲ್ಲ ದಾಟಿ ಬರಬೇಕು. ಕಂಬಳದ ಗದ್ದೆಯಲ್ಲಿ ಕೋಣಗಳು ಓಟ ಮುಗಿಸಿ ಮಂಜೊಟ್ಟಿಗೆ ಏರಿದ ಮೇಲೆ ನಾವು ಕರೆಗೆ ಇಳಿದ ಹಾಗೆ. ವೇಗದ ಆಟದಲ್ಲಿ ಉಪ್ಪಿನಂಗಡಿಯಿಂದ ಗೆಲ್ಲುವ ಆಸೆಯನ್ನು ಬಿಟ್ಟುಬಿಡುವುದು ಒಳ್ಳೆಯದು.

ಮಳೆ ಎಂದೆ. ನಾಲ್ಕು ವರ್ಷದ ಹಿಂದೆ ಶಿಶಿಲದ ಕಡೆ ಒಂದು ಪೂಜೆಗೆ ಹೋಗಿದ್ದೆ. ಊಟದ ಹಂತಿ ಏಳುವ ತನಕ ಚಾವಡಿಯಲ್ಲಿ ಕುಳಿತು ಮೊಬೈಲು ನೋಡುತ್ತಿದ್ದೆ. ನನ್ನಲ್ಲಿದ್ದ ಒಂದು ಷೇರು ಇಪ್ಪತ್ತು ನಿಮಿಷ ಒಂದೇ ಅಂಕಿಯಲ್ಲಿ ನಿಂತಿತ್ತು. ಇವತ್ತು ಪೇಟೆ ತಣ್ಣಗಿದೆ ಎಂದು ಪಕ್ಕದಲ್ಲಿದ್ದ ಭಾವನಿಗೆ ಗತ್ತಿನಲ್ಲಿ ಹೇಳಿಯೂ ಆಯಿತು. ಅವರು ನಿಧಾನಕ್ಕೆ ವೀಳ್ಯದೆಲೆಯ ತೊಟ್ಟು ಮುರಿದು, “ಪೇಟೆ ಅಲ್ಲ ಮಾರಾಯ, ಇಲ್ಲಿ ನೆಟ್‌ವರ್ಕೇ ಇಲ್ಲ” ಎಂದರು. ಸಂಪರ್ಕ ಕಡಿದರೂ ಹಳೆಯ ಅಂಕಿ ಹಾಗೆಯೇ ಹೊಳೆಯುತ್ತಾ ನಿಲ್ಲುವುದು ಈ ಆ್ಯಪುಗಳ ದೊಡ್ಡ ಕುಂದು. ಅಂದಿನಿಂದ ದರ ನೋಡುವ ಮೊದಲು ಅದರ ಪಕ್ಕದ ಗಂಟೆ-ನಿಮಿಷ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಗಂಟೆ ತೋರಿಸದ ದರವನ್ನು ನಂಬುವುದಿಲ್ಲ.

ಕೆಡುವುದು ನಮ್ಮ ಗುಡ್ಡದಲ್ಲೇ ಆಗಬೇಕೆಂದಿಲ್ಲ. 2021ರ ಫೆಬ್ರುವರಿ 24ರಂದು ಎನ್‌ಎಸ್‌ಇಯಲ್ಲೇ ದರದ ಹರಿವು ಕೆಟ್ಟು 11.40ಕ್ಕೆ ವಹಿವಾಟು ನಿಂತುಹೋಯಿತು. ದೂರಸಂಪರ್ಕದ ಕೊಂಡಿಗಳ ತೊಂದರೆ ಎಂದು ಹೇಳಿದರು. ಮತ್ತೆ ತೆರೆದದ್ದು ಮೂರೂಮುಕ್ಕಾಲಿಗೆ, ಅಂದು ಪೇಟೆ ಸಂಜೆ ಐದರ ತನಕ ನಡೆಯಿತು. ನಡುವಿನ ನಾಲ್ಕು ಗಂಟೆ ದೇಶದ ಅತಿದೊಡ್ಡ ಷೇರುಪೇಟೆಗೆ ದರವೇ ಇರಲಿಲ್ಲ. ಬಿಎಸ್‌ಇ ಮಾತ್ರ ಎಂದಿನಂತೆ ನಡೆದಿತ್ತು.

ಮೂರೂವರೆಗೆ ಪೇಟೆ ಮುಚ್ಚಿದಾಗ ಇನ್ನೊಂದು ಗೊಂದಲ. ಹುಡುಗ ₹212ಕ್ಕೆ ನಿಂತದ್ದನ್ನು ಕಣ್ಣಾರೆ ನೋಡಿರುತ್ತಾನೆ, ಸಂಜೆ ಅದೇ ಆ್ಯಪು ₹211.35 ಎನ್ನುತ್ತದೆ. ಮೋಸವೇನಲ್ಲ. ರೂಢಿಯಲ್ಲಿ ಬಂದ ಕ್ರಮದಲ್ಲಿ ಮುಕ್ತಾಯದ ದರ ಎಂದರೆ ಕೊನೆಯ ವ್ಯಾಪಾರದ ಬೆಲೆಯಲ್ಲ, ಕೊನೆಯ ಅರ್ಧ ಗಂಟೆಯಲ್ಲಿ ಕೈಬದಲಾದ ಷೇರುಗಳ ಪ್ರಮಾಣಕ್ಕೆ ತಕ್ಕಂತೆ ತೆಗೆದ ಸರಾಸರಿ. ಕೊನೆಯ ಕ್ಷಣದಲ್ಲಿ ಹತ್ತು ಷೇರು ಕೊಂಡು ಬೆಲೆ ಏರಿಸಿ ತೋರಿಸುವ ಚಾಲಾಕಿಗೆ ಅದು ಕಡಿವಾಣ. ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂಕಾಲಿನ ತನಕ ಕಾಣುವ ಅಂಕಿಗಳೂ ಹಾಗೆ, ಆರಂಭದ ಬೆಲೆ ಕುದುರಿಸುವ ಹೊತ್ತಿನವು. ಅವುಗಳನ್ನು ನೋಡಿ ಎದೆ ಬಡಿದುಕೊಳ್ಳುವ ಅಗತ್ಯವಿಲ್ಲ.

ಒಂದು ಬೆಳಿಗ್ಗೆ ದರ ಐದರಲ್ಲಿ ಒಂದು ಪಾಲಾದದ್ದೂ ಉಂಟು. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕು ಹತ್ತು ರೂಪಾಯಿ ಮುಖಬೆಲೆಯ ಪ್ರತಿ ಷೇರನ್ನು ಎರಡು ರೂಪಾಯಿಯ ಐದು ಷೇರುಗಳಾಗಿ ಒಡೆಯಿತು. ಸುದ್ದಿ ಓದದೆ ದರ ಮಾತ್ರ ನೋಡಿದವರಿಗೆ ಬ್ಯಾಂಕೇ ಮುಳುಗಿತೇನೋ ಎನಿಸಿದ್ದರೆ ಆಶ್ಚರ್ಯವಿಲ್ಲ. ವಿಜಯಾ ಬ್ಯಾಂಕಿನವರದ್ದು ಇನ್ನೂ ವಿಚಿತ್ರ. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿ, 1000 ಷೇರಿಗೆ 402 ಬರೋಡಾ ಷೇರು ಸಿಕ್ಕಿತು. ಮರುವರ್ಷ ಅದೇ ದಿನ ಸಿಂಡಿಕೇಟಿನ 1000ಕ್ಕೆ ಕೆನರಾದ 158, ಕಾರ್ಪೊರೇಷನ್ನಿನ 1000ಕ್ಕೆ ಯೂನಿಯನ್ ಬ್ಯಾಂಕಿನ 330. ಊರಿನ ಅಭಿಮಾನಕ್ಕೆ ಕೊಂಡ ಮೂರು ಹೆಸರುಗಳು ದರದ ಪಟ್ಟಿಯಿಂದಲೇ ಅಳಿಸಿಹೋದವು. ಹೆಸರು ಟೈಪು ಮಾಡಿ ಹುಡುಕಿದರೆ ಏನೂ ಬರದೆ ಕಂಗಾಲಾದ ಹಿರಿಯರು ನನ್ನ ಹತ್ತಿರವೇ ಬಂದದ್ದುಂಟು. ಇನ್ನೂ ಕಾಗದದ ಷೇರುಪತ್ರ ಇಟ್ಟುಕೊಂಡವರಿಗೆ ದರ ಎಷ್ಟಿದ್ದರೂ ಒಂದೇ. 2019ರ ಏಪ್ರಿಲಿನಿಂದ ಕಾಗದದ ರೂಪದಲ್ಲಿ ಷೇರು ಮಾರುವ ಹಾಗಿಲ್ಲ, ಮೊದಲು ಡಿಮ್ಯಾಟ್ ಆಗಬೇಕು. ಅಂಥವರಿಗೆ ನಿಮಿಷಕ್ಕೊಮ್ಮೆ ರೇಟು ಹೇಳುವ ಮಗನಿಗಿಂತ, ಒಂದು ದಿನ ರಜೆ ಹಾಕಿ ಅರ್ಜಿ ತುಂಬಿಸಿ ಕೊಡುವ ಮಗ ಹೆಚ್ಚು ಉಪಕಾರಿ.

ಹಾಗಾದರೆ ಎಷ್ಟು ಹೊತ್ತಿಗೊಮ್ಮೆ ನೋಡಬೇಕು? ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು. ಷೇರುಗಳನ್ನು ಅದೇ ದಿನ ಕೊಂಡು ಅದೇ ದಿನ ಮಾರಿದವರ ಬಗ್ಗೆ ಸೆಬಿ 2024ರ ಜುಲೈಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2022-23ರಲ್ಲಿ ಹತ್ತರಲ್ಲಿ ಏಳು ಮಂದಿ ಕಳೆದುಕೊಂಡಿದ್ದರು. ವರ್ಷಕ್ಕೆ 500ಕ್ಕಿಂತ ಹೆಚ್ಚು ಸಲ ವ್ಯಾಪಾರ ಮಾಡಿದವರಲ್ಲಿ ಕಳೆದುಕೊಂಡವರು ಶೇ 80. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಇನ್ನೊಂದು ಅಧ್ಯಯನ ಫ್ಯೂಚರ್ಸ್-ಆಪ್ಷನ್ಸ್ ಆಡುವವರದ್ದು: 2021-22ರಿಂದ ಮೂರು ವರ್ಷಗಳಲ್ಲಿ ಶೇ 93 ಮಂದಿಗೆ ನಷ್ಟ, ಎಲ್ಲರದ್ದೂ ಸೇರಿ ₹1.8 ಲಕ್ಷ ಕೋಟಿಗೂ ಮಿಕ್ಕಿ. ಅವರಿಗೆ ದರ ಸಿಗಲಿಲ್ಲವೆಂದು ಕಳೆದುಕೊಂಡದ್ದಲ್ಲ. ದರ ಅವರ ಅಂಗೈಯಲ್ಲೇ ಇತ್ತು, ಕ್ಷಣಕ್ಷಣಕ್ಕೂ. ಐದು ನಿಮಿಷಕ್ಕೊಮ್ಮೆ ಅಂಕಿ ನೋಡಿದವನಿಗೆ ಐದು ನಿಮಿಷಕ್ಕೊಮ್ಮೆ ಏನಾದರೂ ಮಾಡಬೇಕೆನಿಸುತ್ತದೆ. ಅಡಿಕೆ ಬೆಳೆಗಾರನನ್ನು ಈ ತುರಿಕೆಯಿಂದ ಕಾಪಾಡಿದ್ದು ಗೋಣಿಯ ಭಾರ.

ಗೋಣಿಯ ಭಾರಕ್ಕೆ ಸಮಾನವಾದದ್ದು ಆ್ಯಪುಗಳಲ್ಲೂ ಇದೆ, ಬಳಸುವವರು ಕಡಿಮೆ. ಇಷ್ಟು ಬೆಲೆ ಬಂದಾಗ ತಿಳಿಸು ಎಂದು ಅಲರ್ಟ್ ಇಟ್ಟರೆ ಮೊಬೈಲು ತಾನೇ ಕೂಗಿ ಕರೆಯುತ್ತದೆ, ಅಲ್ಲಿಯ ತನಕ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗಿಸಿಕೊಂಡಿರಬಹುದು. ಇಷ್ಟಾದರೆ ಮಾರು, ಇಷ್ಟಕ್ಕಿಳಿದರೆ ಕೊಳ್ಳು ಎಂದು ತಿಂಗಳುಗಟ್ಟಲೆ ಮೊದಲೇ ಬರೆದಿಡುವ ಆರ್ಡರುಗಳೂ ಇವೆ. ದರವನ್ನು ನಾವು ಹುಡುಕಿಕೊಂಡು ಹೋಗುವ ಬದಲು ದರವೇ ನಮ್ಮನ್ನು ಹುಡುಕಿಕೊಂಡು ಬರಲಿ. ಒಂದು ಷೇರು ಒಂದೇ ದಿನದಲ್ಲಿ ಎಷ್ಟು ಏರಬಹುದು, ಇಳಿಯಬಹುದು ಎಂಬುದಕ್ಕೂ ಬಹಳಷ್ಟು ಷೇರುಗಳಲ್ಲಿ ಶೇ 2, 5, 10, 20 ಎಂದು ಮಿತಿಗಳಿವೆ. ಕೆಳಗಿನ ಮಿತಿಗೆ ಬಿದ್ದು ಕೊಳ್ಳುವವರೇ ಇಲ್ಲದೆ ನಿಂತ ಷೇರಿನ ದರವನ್ನು ಗಂಟೆಗೆ ಅರುವತ್ತು ಸಲ ನೋಡಿದರೆ ಬ್ಯಾಟರಿ ಖರ್ಚಾದೀತು, ಅಷ್ಟೇ.

ಕೊನೆಗೆ ಸುಳ್ಳು ದರದ ಮಾತು. ವಾಟ್ಸ್‌ಆ್ಯಪಿನಲ್ಲಿ ಬರುವ ಕೊಂಡಿ ಒತ್ತಿ ಇಳಿಸಿಕೊಂಡ ಆ್ಯಪಿನಲ್ಲಿ ದರ ಓಡುತ್ತದೆ, ಲಾಭ ಹಸಿರು ಬಣ್ಣದಲ್ಲಿ ಏರುತ್ತದೆ, ಹಣ ವಾಪಸು ಕೇಳಿದರೆ ಇನ್ನಷ್ಟು ಕಟ್ಟು ಎನ್ನುತ್ತದೆ. ಅಲ್ಲಿ ವ್ಯಾಪಾರವೇ ಇಲ್ಲ, ಅಂಕಿ ಮಾತ್ರ. ಕರಾವಳಿಯ ಪತ್ರಿಕೆಗಳಲ್ಲಿ ಇಂಥ ದೂರುಗಳ ಸುದ್ದಿ ಬರದ ವಾರವಿಲ್ಲ. ಕಂಡುಹಿಡಿಯಲು ಅಡಿಕೆಯವರ ಹಳೆಯ ಉಪಾಯ ಸಾಕು: ಎರಡನೆಯ ಅಂಗಡಿಯಲ್ಲಿ ಕೇಳುವುದು. ಆ್ಯಪು ತೋರಿಸಿದ ದರ ಎನ್‌ಎಸ್‌ಇಯ ತಾಣದಲ್ಲೂ ಅದೇ ಹೊತ್ತಿಗೆ ಇದೆಯೇ? ಬ್ರೋಕರಿನ ಹೆಸರು ಸೆಬಿಯ ನೋಂದಣಿ ಪಟ್ಟಿಯಲ್ಲಿದೆಯೇ? ಕೊಂಡ ಷೇರು ಡಿಮ್ಯಾಟ್ ಖಾತೆಗೆ ಬಂದಿದೆಯೇ? ದರ ಸರಿಯಿದ್ದೂ ಮೋಸವಿರಬಹುದು; ಹಾಗಾಗಿ ಮೂರನ್ನೂ ಕೇಳಬೇಕು.

ಮೊನ್ನೆ ಪೇಟೆಗೆ ಹೋಗಿದ್ದಾಗ ಪರಿಚಯದ ಅಡಿಕೆ ಅಂಗಡಿಯಲ್ಲಿ ಕುಳಿತಿದ್ದೆ. ಯಜಮಾನರ ಮೇಜಿನ ಮೇಲೆ ಎರಡು ಮೊಬೈಲು, ಒಂದರಲ್ಲಿ ನಿಫ್ಟಿ. ಮೂರು ಗಂಟೆಯ ಹೊತ್ತಿಗೆ ಒಬ್ಬರು ಹಿರಿಯರು ರಿಕ್ಷಾದಿಂದಿಳಿದು, ಕೈಚೀಲದಿಂದ ಹತ್ತಿಪ್ಪತ್ತು ಅಡಿಕೆ ತೆಗೆದು ಮೇಜಿನ ಮೇಲೆ ಹರಡಿದರು. “ಎಷ್ಟುಂಟು?” ಯಜಮಾನರು ಒಂದನ್ನು ಕತ್ತರಿಸಿ ನೋಡಿ ಅಂಕಿ ಹೇಳಿದರು. “ಪೇಪರಿನಲ್ಲಿ ಹಾಗಲ್ಲವಲ್ಲ ಇದ್ದದ್ದು.” “ಅದು ಪೇಪರಿನ ಅಡಿಕೆಗೆ, ಭಟ್ರೇ.” ಹಿರಿಯರು ನಕ್ಕು, ಅಡಿಕೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು, ಮುಂದಿನ ವಾರ ಬರುತ್ತೇನೆಂದು ಹೊರಟರು. ಯಜಮಾನರು ಮೊಬೈಲಿನ ಕಡೆ ತಿರುಗಿದರು. ಅಷ್ಟರಲ್ಲಿ ಏನಾಗಿತ್ತೋ, “ಛೆ” ಎಂದರು. ಆಮೇಲೆ ಮೂರೂವರೆಯ ತನಕ ಇಬ್ಬರು ಗಿರಾಕಿಗಳು ಬಂದರು, ಇಬ್ಬರ ಗೋಣಿಯನ್ನೂ ಕೆಲಸದ ಹುಡುಗನೇ ತೂಗಿದ.